ಬಣ್ಣದ ಹೈ ಪವರ್ ಎಲ್‌ಇಡಿ: ಮೊದಲು ಕಾಲು ಎಣಿಸಿ, ಡ್ರೈವರ್ ಆಮೇಲೆ

ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ಒಂದು ಪುಟ್ಟ ಬಣ್ಣದ ಲೈಟು ಬೇಕಿತ್ತು. ಹಳೆಯ ಹ್ಯಾಲೊಜೆನ್ ಸ್ಪಾಟಿನ ಮುಂದೆ ಜಿಲಾಟಿನ್ ಪೇಪರ್ ಕಟ್ಟಿ ಕಟ್ಟಿ ಸಾಕಾಗಿತ್ತು. ಪೇಪರ್ ಬಿಸಿಗೆ ಮುದುಡುತ್ತದೆ, ಬಣ್ಣ ಬದಲಿಸಬೇಕು ಅಂದರೆ ಯಾರಾದರೂ ಏಣಿ ಹತ್ತಬೇಕು. ಸರಿ, ಎಲ್‌ಇಡಿಯಲ್ಲೇ ಮಾಡೋಣ ಎಂದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 3 ವ್ಯಾಟಿನ ಆರ್‌ಜಿಬಿ ಎಲ್‌ಇಡಿ (ಕೆಂಪು, ಹಸಿರು, ನೀಲಿ ಮೂರೂ ಒಂದರಲ್ಲೇ ಇರುವಂಥದ್ದು) ಆರು ಕೊಡಿ ಅಂದೆ. ಅಂಗಡಿಯವರು "ಕಾಮನ್ ಬೇಕಾ, ಸೆಪರೇಟ್ ಬೇಕಾ?" ಎಂದು ಕೇಳಿದರು. ನನಗೆ ವ್ಯತ್ಯಾಸ ಗೊತ್ತಿರಲಿಲ್ಲ. ಕಾಲು ಕಮ್ಮಿ ಇದ್ದರೆ ವೈರೂ ಕಮ್ಮಿ ಅಲ್ವಾ ಎಂದು ನಾಲ್ಕು ಕಾಲಿನದನ್ನೇ ತಂದೆ. ಆ ಒಂದು ಉತ್ತರಕ್ಕೆ ಮೊದಲ ದಿನವೇ ಒಂದು ಎಲ್‌ಇಡಿ ಬಲಿಯಾಯಿತು, ಆಸೆಯಿಂದ ಕೊಂಡ ಡ್ರೈವರ್‌ಗಳು (ಎಲ್‌ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿ ಹಿಡಿದಿಡುವ ಸರ್ಕ್ಯೂಟ್‌ಗಳು) ಡಬ್ಬಿ ಸೇರಿದವು.

ಹಾಗಾಗಿ ಇಲ್ಲಿ ಹೋಲಿಕೆ ಮಾಡುವಾಗ ಅದೇ ಕ್ರಮ ಹಿಡಿಯುತ್ತೇನೆ. ಮೊದಲು ಕಾಲು, ಆಮೇಲೆ ಕರೆಂಟ್, ಕೊನೆಗೆ ಸ್ವಿಚ್. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ, ರಿಮೋಟ್ ಮೊದಲು ಕೊಳ್ಳುತ್ತಾರೆ.

ಅದಕ್ಕೂ ಮುಂಚೆ ಒಂದು ಮಾತು. 3 ವ್ಯಾಟ್ ಆರ್‌ಜಿಬಿ ಅಂದರೆ ಸಾಮಾನ್ಯವಾಗಿ ಮೂರು ಬಣ್ಣ ಸೇರಿ 3 ವ್ಯಾಟ್. ಒಂದೊಂದು ಬಣ್ಣಕ್ಕೆ 1 ವ್ಯಾಟ್, ಅಂದರೆ 350 ಮಿಲಿ ಆಂಪಿಯರ್. "3 ವ್ಯಾಟ್ ಎಲ್‌ಇಡಿ ತಾನೇ, 700 ಕೊಡಬಹುದು" ಎಂದು ಒಂದೊಂದು ಬಣ್ಣಕ್ಕೂ 700 ಕೊಟ್ಟು ಸುಟ್ಟವರನ್ನು ನೋಡಿದ್ದೇನೆ. ಬಣ್ಣಕ್ಕೆ 3 ವ್ಯಾಟಿನಂತೆ ಒಟ್ಟು 9 ವ್ಯಾಟಿನವೂ ಸಿಗುತ್ತವೆ, ಕೊಳ್ಳುವಾಗಲೇ ಕೇಳಿಕೊಳ್ಳಿ. ವೋಲ್ಟೇಜ್ ಕೂಡ ಬಣ್ಣದಿಂದ ಬಣ್ಣಕ್ಕೆ ಬೇರೆ: ಕೆಂಪು ಸುಮಾರು 2.2 ವೋಲ್ಟ್, ಹಸಿರು ಮತ್ತು ನೀಲಿ ಸುಮಾರು 3.2. ಮುಂದಿನ ಲೆಕ್ಕವೆಲ್ಲ ಇದೇ ಅಂಕಿಗಳ ಮೇಲೆ.

ನಾಲ್ಕು ಕಾಲೋ, ಆರು ಕಾಲೋ

ನಾಲ್ಕು ಕಾಲಿನದರಲ್ಲಿ ಮೂರು ಬಣ್ಣದ ಪ್ಲಸ್‌ಗಳನ್ನು ಒಳಗೇ ಒಂದು ಮಾಡಿರುತ್ತಾರೆ, ಅದು ಕಾಮನ್ ಆನೋಡ್. ಮೈನಸ್‌ಗಳನ್ನು ಒಂದು ಮಾಡಿದ್ದರೆ ಕಾಮನ್ ಕ್ಯಾಥೋಡ್. ಆರು ಕಾಲಿನದರಲ್ಲಿ ಪ್ರತಿ ಬಣ್ಣಕ್ಕೂ ತನ್ನದೇ ಪ್ಲಸ್, ತನ್ನದೇ ಮೈನಸ್. ಬಿಳಿಯೂ ಸೇರಿದ್ದರೆ ಎಂಟು ಕಾಲು.

ನಾಲ್ಕು ಕಾಲಿನದರ ಒಳ್ಳೆಯ ಗುಣ ಒಂದೇ, ವೈರ್ ಕಡಿಮೆ. ಕೆಟ್ಟದ್ದು ಎರಡು. ಒಂದು, ಇವುಗಳನ್ನು ಸೀರೀಸ್‌ನಲ್ಲಿ ಕಟ್ಟಲು ಆಗುವುದಿಲ್ಲ. ಆರು ಕೆಂಪನ್ನು ಒಂದರ ಹಿಂದೆ ಒಂದು ಜೋಡಿಸಿ ಒಂದೇ ಡ್ರೈವರ್‌ನಲ್ಲಿ ಓಡಿಸಬೇಕು ಅಂದರೆ ಮೊದಲನೆಯದರ ಮೈನಸ್ ಎರಡನೆಯದರ ಪ್ಲಸ್‌ಗೆ ಹೋಗಬೇಕು. ಆದರೆ ಆ ಪ್ಲಸ್‌ನಲ್ಲಿ ಹಸಿರು, ನೀಲಿ ಕೂಡ ಅಂಟಿಕೊಂಡಿರುತ್ತವಲ್ಲ. ಎರಡನೆಯದು, ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಡ್ರೈವರ್‌ಗಳು ಇದಕ್ಕೆ ಹೊಂದುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ, ಏಕೆಂದರೆ ನನ್ನ ಮೊದಲ ಎಲ್‌ಇಡಿ ಹೋಗಿದ್ದು ಅದರಿಂದಲೇ.

ಒಂದೇ ಒಂದು ಎಲ್‌ಇಡಿ, 5 ವೋಲ್ಟ್ ಮೊಬೈಲ್ ಚಾರ್ಜರ್, ಮಗುವಿನ ಕೋಣೆಗೆ ನೈಟ್ ಲ್ಯಾಂಪ್ ಅಂತಿದ್ದರೆ ನಾಲ್ಕು ಕಾಲಿನದು ಧಾರಾಳ ಸಾಕು. ಎರಡಕ್ಕಿಂತ ಜಾಸ್ತಿ ಬೇಕಾದರೆ ಯೋಚನೆಯೇ ಬೇಡ, ಆರು ಕಾಲಿನದನ್ನು ತನ್ನಿ. ಆರು ಕಾಲಿನದನ್ನು ಬೇಕಾದಾಗ ಹೊರಗೆ ವೈರ್ ಹಾಕಿ ನಾಲ್ಕು ಕಾಲು ಮಾಡಿಕೊಳ್ಳಬಹುದು. ನಾಲ್ಕನ್ನು ಆರು ಮಾಡಲು ಬ್ರಹ್ಮನಿಂದಲೂ ಆಗದು.

ಯಾವ ಕಾಲು ಯಾವುದು ಎಂದು ಅಚ್ಚು ಹಾಕಿಲ್ಲದಿದ್ದರೆ ಹೆದರಬೇಡಿ. 5 ವೋಲ್ಟ್ ಸಪ್ಲೈ, ಅದರ ಪ್ಲಸ್‌ಗೆ ಸೀರೀಸ್‌ನಲ್ಲಿ 330 ಓಮಿನ ರೆಸಿಸ್ಟರ್, ಅಷ್ಟೇ. ಎರಡೆರಡು ಕಾಲು ಮುಟ್ಟಿಸುತ್ತಾ ಹೋಗಿ, ಸಣ್ಣಗೆ ಹತ್ತುತ್ತದೆ, ಏನೂ ಸುಡುವುದಿಲ್ಲ. ಮಲ್ಟಿಮೀಟರಿನ ಡಯೋಡ್ ಮೋಡನ್ನು ಪೂರ್ತಿ ನಂಬಬೇಡಿ, ಕೆಲವು ಮೀಟರ್‌ಗಳಲ್ಲಿ ಕೆಂಪು ಹತ್ತುತ್ತದೆ, ನೀಲಿ ಮತ್ತು ಹಸಿರಿಗೆ ಬೇಕಾದಷ್ಟು ವೋಲ್ಟೇಜ್ ಅವುಗಳಲ್ಲಿ ಇರುವುದಿಲ್ಲ. ಎಲ್‌ಇಡಿ ಸತ್ತಿದೆ ಎಂದು ಎಸೆಯುವ ಮುಂಚೆ ಇದು ನೆನಪಿರಲಿ.

ಕರೆಂಟ್ ಹಿಡಿಯುವ ನಾಲ್ಕು ದಾರಿ

ರೆಸಿಸ್ಟರ್ ಎಲ್ಲರಿಗೂ ಗೊತ್ತು. 5 ವೋಲ್ಟ್‌ನಿಂದ ಒಂದು ಕೆಂಪು ಹಚ್ಚಬೇಕು ಅಂದರೆ ಉಳಿದ 2.8 ವೋಲ್ಟನ್ನು 0.35ರಿಂದ ಭಾಗಿಸಿ, 8 ಓಮ್ ಬರುತ್ತದೆ, ಅಂಗಡಿಯಲ್ಲಿ 8.2 ಸಿಗುತ್ತದೆ. ಅದರಲ್ಲಿ ಹತ್ತಿರ ಹತ್ತಿರ 1 ವ್ಯಾಟ್ ಶಾಖವಾಗಿ ಹೋಗುತ್ತದೆ, ಆದ್ದರಿಂದ 2 ವ್ಯಾಟಿನ ರೆಸಿಸ್ಟರ್ ಹಾಕಿ. ನೀಲಿ, ಹಸಿರಿಗೆ 5.6 ಓಮ್. ಇಲ್ಲಿಯವರೆಗೆ ಚೆನ್ನಾಗಿದೆ. 12 ವೋಲ್ಟ್‌ನಿಂದ ಒಂದೇ ಕೆಂಪು ಹಚ್ಚಲು ಹೋದಿರೋ, ರೆಸಿಸ್ಟರಿನಲ್ಲೇ 3.4 ವ್ಯಾಟ್ ಸುಡುತ್ತದೆ, ಎಲ್‌ಇಡಿಗೆ ಸಿಗುವುದು 0.8 ವ್ಯಾಟ್. ಅದು ಲೈಟಲ್ಲ, ಒಲೆ.

ಸೀರೀಸ್‌ನಲ್ಲಿ ಮೂರು ಹಸಿರು ಹಾಕಿದರೆ 9.6 ವೋಲ್ಟ್ ಆಯಿತು, 12ರಲ್ಲಿ ಉಳಿದದ್ದು 2.4, ರೆಸಿಸ್ಟರ್ 6.8 ಓಮ್. ಕಾಗದದ ಮೇಲೆ ಸೊಗಸಾಗಿದೆ. ಆದರೆ ಎಲ್‌ಇಡಿಗಳು ಒಂದೇ ಅಚ್ಚಿನವಲ್ಲ. ನಿಮ್ಮ ಕೈಗೆ ಬಂದವು 3.2ರ ಬದಲು 3.5 ವೋಲ್ಟಿನವಾದರೆ ಕರೆಂಟ್ 220ಕ್ಕೆ ಇಳಿಯುತ್ತದೆ. 3.0 ವೋಲ್ಟಿನವಾದರೆ 440ಕ್ಕೆ ಏರುತ್ತದೆ. ಅದೇ ರೆಸಿಸ್ಟರ್, ಅದೇ ಸಪ್ಲೈ, ಕರೆಂಟ್ ಮಾತ್ರ ಒಂದಕ್ಕೆ ಎರಡರಷ್ಟು ವ್ಯತ್ಯಾಸ. ಒಂದು ಸಾಲು ಹಸಿರು ಮಂಕು, ಇನ್ನೊಂದು ಸಾಲು ಪ್ರಖರ ಅಂತಾದಾಗ ಜನ ಎಲ್‌ಇಡಿಯನ್ನು ಬೈಯುತ್ತಾರೆ, ತಪ್ಪು ಲೆಕ್ಕದ್ದು.

ಎಲ್‌ಎಂ317 ಎಂಬ ವೋಲ್ಟೇಜ್ ರೆಗ್ಯುಲೇಟರ್ ಚಿಪ್ ಹಳೆಯ ಗೆಳೆಯ. 3.6 ಓಮಿನ ಒಂದು ರೆಸಿಸ್ಟರ್ ಜೊತೆ ಸೇರಿಸಿದರೆ 347 ಮಿಲಿ ಆಂಪಿಯರ್ ಅಲ್ಲಾಡದೆ ನಿಲ್ಲುತ್ತದೆ. ಎರಡು ಕಾಲಿನ ವಸ್ತುವಿನ ಹಾಗೆ ದಾರಿಯಲ್ಲಿ ಎಲ್ಲಿ ಬೇಕಾದರೂ ಕೂರಿಸಬಹುದು, ಕಾಮನ್ ಆನೋಡ್, ಕಾಮನ್ ಕ್ಯಾಥೋಡ್ ಎರಡಕ್ಕೂ ಒಗ್ಗುತ್ತದೆ. ತೊಂದರೆ ಏನೆಂದರೆ ಅದು ತನಗೇ ಸುಮಾರು 3 ವೋಲ್ಟ್ ಕೇಳುತ್ತದೆ. ಹಾಗಾಗಿ 12 ವೋಲ್ಟಿನಲ್ಲಿ ಮೂರು ಹಸಿರು ಓಡುವುದಿಲ್ಲ, ಎರಡು ಓಡುತ್ತವೆ. ಅದಕ್ಕೊಂದು ಹೀಟ್ ಸಿಂಕ್ (ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ತುಂಡು) ಬೇರೆ ಬೇಕು. ಡಬ್ಬಿಯಲ್ಲಿ ಬಿದ್ದಿದ್ದರೆ ಬಳಸಿ, ಹೊಸದಾಗಿ ಕೊಳ್ಳಬೇಡಿ.

ಎಎಂಸಿ7135 ನನಗೆ ಬಹಳ ಇಷ್ಟವಾದ ಚಿಪ್. ಕಡಲೆಬೀಜದಷ್ಟಿದೆ, ಟಾರ್ಚುಗಳ ಒಳಗೆ ಸಾಲಾಗಿ ಕೂತಿರುತ್ತದೆ. 350 ಮಿಲಿ ಆಂಪಿಯರಿಗೆಂದೇ ಮಾಡಿದ್ದು, ಎಲ್‌ಇಡಿಯ ಮೈನಸ್ ಕಡೆ ಕೂರುತ್ತದೆ. ಅಂದರೆ ನಾಲ್ಕು ಕಾಲಿನ ಕಾಮನ್ ಆನೋಡಿಗೆ ಹೇಳಿ ಮಾಡಿಸಿದ ಜೋಡಿ (ಕಾಮನ್ ಕ್ಯಾಥೋಡಿಗೆ ಆಗುವುದಿಲ್ಲ). ಇದರ ಸಪ್ಲೈ ಪಿನ್ ಎಳೆಯುವುದು ಒಂದು ಮಿಲಿ ಆಂಪಿಯರಿಗಿಂತಲೂ ಕಮ್ಮಿ, ಆದ್ದರಿಂದ ಆರ್ಡುಯಿನೊ (ಕೋಡ್ ಬರೆದು ಓಡಿಸುವ ಪುಟ್ಟ ಬೋರ್ಡ್) ಪಿನ್ನಿಂದ ನೇರವಾಗಿ ಆನ್ ಆಫ್ ಮಾಡಬಹುದು, ಮಧ್ಯೆ ಟ್ರಾನ್ಸಿಸ್ಟರ್ ಬೇಡ. ಆದರೆ ಉಳಿದ ವೋಲ್ಟೇಜನ್ನೆಲ್ಲ ತಾನೇ ನುಂಗಿ ಬಿಸಿಯಾಗುತ್ತದೆ. 5 ವೋಲ್ಟಿನಲ್ಲಿ ಕೆಂಪಿಗೆ ಹಾಕಿದರೆ 1 ವ್ಯಾಟ್ ಅದರ ತಲೆಗೆ ಬರುತ್ತದೆ, ಆ ಪುಟ್ಟ ಚಿಪ್ಪಿಗೆ ಅದು ಜಾಸ್ತಿಯೇ. ಉಪಾಯ ಸುಲಭ: ಕೆಂಪಿನ ದಾರಿಯಲ್ಲಿ 4.7 ಓಮ್, ನೀಲಿ ಮತ್ತು ಹಸಿರಿನಲ್ಲಿ 2.2 ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ, ಬಿಸಿಯ ಅರ್ಧಕ್ಕೂ ಹೆಚ್ಚು ಭಾಗ ಕೆಂಪಿನಲ್ಲಿ ಅದೇ ಹೊತ್ತುಕೊಳ್ಳುತ್ತದೆ. ರೆಸಿಸ್ಟರ್ 1 ವ್ಯಾಟಿನದಿರಲಿ. ಚಿಪ್ಪಿನ ಸಪ್ಲೈ 6 ವೋಲ್ಟ್ ದಾಟಬಾರದು, 12 ವೋಲ್ಟಿನ ಸಹವಾಸ ಇದಕ್ಕೆ ಬೇಡ.

ನಾಲ್ಕನೆಯದು ಪಿಟಿ4115 ಥರದ ಸ್ವಿಚಿಂಗ್ ಡ್ರೈವರ್. 6ರಿಂದ 30 ವೋಲ್ಟ್ ತಿನ್ನುತ್ತದೆ, ಎಲ್‌ಇಡಿಗೆ ಬೇಕಾದ ಕರೆಂಟನ್ನೇ ಕೊಡುತ್ತದೆ, ತಾನು ಅಷ್ಟಾಗಿ ಬಿಸಿಯಾಗುವುದಿಲ್ಲ. ಸಿದ್ಧ ಬೋರ್ಡಾಗಿಯೇ ಸಿಗುತ್ತದೆ. ಮೂರಕ್ಕಿಂತ ಹೆಚ್ಚು ಎಲ್‌ಇಡಿ ಇದ್ದರೆ ಇದಕ್ಕೆ ಸಾಟಿ ಇಲ್ಲ. ಈಗ ನಮ್ಮ ಲೈಟಿನಲ್ಲಿ ಆರು ಕಾಲಿನ ಆರು ಸ್ಟಾರ್‌ಗಳಿವೆ (ಸ್ಟಾರ್ ಅಂದರೆ ನಕ್ಷತ್ರದಾಕಾರದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೂರಿಸಿದ ಎಲ್‌ಇಡಿ), ಆರೂ ಕೆಂಪು ಒಂದು ಸೀರೀಸ್, ಆರೂ ಹಸಿರು ಇನ್ನೊಂದು, ನೀಲಿ ಮತ್ತೊಂದು. ಹಸಿರಿನ ಸಾಲಿಗೆ 19.2 ವೋಲ್ಟ್ ಬೇಕು, ಕೆಂಪಿನದಕ್ಕೆ 13.2. 24 ವೋಲ್ಟ್ 2 ಆಂಪಿಯರಿನ ಒಂದು ಎಸ್‌ಎಂಪಿಎಸ್ ಪವರ್ ಸಪ್ಲೈ, ಮೂರು ಡ್ರೈವರ್, ಮುಗಿಯಿತು. ಎಲ್ಲ ಬಣ್ಣ ಪೂರ್ತಿ ಹಚ್ಚಿದಾಗ ಎಲ್‌ಇಡಿಗಳಿಗೆ ಹೋಗುವುದು 18 ವ್ಯಾಟ್.

ಈಗ ನನ್ನ ಮೊದಲ ಎಲ್‌ಇಡಿಯ ಕಥೆ. ಈ ಡ್ರೈವರ್ ಕರೆಂಟ್ ಅಳೆಯುವುದು ಪ್ಲಸ್ ಕಡೆಯಲ್ಲಿ. ಸಪ್ಲೈಯಿಂದ ಎಲ್‌ಇಡಿಯ ಪ್ಲಸ್‌ಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ರೆಸಿಸ್ಟರ್ ಇರುತ್ತದೆ, ಅದರ ಮೇಲೆ ಸರಾಸರಿ 0.1 ವೋಲ್ಟ್ ನಿಲ್ಲುವ ಹಾಗೆ ಚಿಪ್ ಕರೆಂಟನ್ನು ಹಿಡಿಯುತ್ತದೆ. ನಾನು ಏನು ಮಾಡಿದೆ? ನಾಲ್ಕು ಕಾಲಿನ ಎಲ್‌ಇಡಿಗೆ ಮೂರು ಡ್ರೈವರ್ ಕಟ್ಟಿ, ಮೂರರ ಪ್ಲಸ್‌ಗಳನ್ನೂ ಆ ಒಂದೇ ಕಾಲಿಗೆ ಸೇರಿಸಿದೆ. ಅಲ್ಲಿಗೆ ಮೂರು ಅಳತೆಯ ರೆಸಿಸ್ಟರ್‌ಗಳೂ ಪ್ಯಾರಲಲ್ ಆದವು. ಕೆಂಪನ್ನು ಮಾತ್ರ ಹಚ್ಚಿದಾಗ ಅದರ ಕರೆಂಟ್ ಮೂರು ದಾರಿಯಲ್ಲಿ ಹಂಚಿಹೋಗಿ, ಕೆಂಪಿನ ಡ್ರೈವರ್‌ಗೆ ಕಂಡದ್ದು ಮೂರರಲ್ಲಿ ಒಂದು ಪಾಲು. "ಇನ್ನೂ ಸಾಲದು" ಎಂದು ಅದು ಏರಿಸುತ್ತಲೇ ಹೋಯಿತು, 1 ಆಂಪಿಯರ್ ಹತ್ತಿರ. ಕೆಂಪು ಕೆಲವು ನಿಮಿಷ ಭರ್ಜರಿಯಾಗಿ ಬೆಳಗಿ ಶಾಶ್ವತವಾಗಿ ಕಣ್ಣು ಮುಚ್ಚಿತು. ವಠಾರದ ಮೂರು ಮನೆಯ ಕರೆಂಟು ಮೂರೂ ಮೀಟರಿನಲ್ಲಿ ಬೆರೆತು ಹರಿದರೆ ಬಿಲ್ಲು ಹೇಗೆ ಬರುತ್ತದೋ ಹಾಗೆ. ಪ್ಲಸ್ ಕಡೆ ಅಳೆಯುವ ಯಾವ ಡ್ರೈವರ್ ಆದರೂ ಇದೇ ಕಥೆ, ಆರು ಕಾಲು ಬೇಕೇ ಬೇಕು.

ಬಣ್ಣ ಬದಲಿಸುವುದು

ಇಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಇದೆ: ಕರೆಂಟ್ ಡ್ರೈವರಿಗೂ ಎಲ್‌ಇಡಿಗೂ ನಡುವೆ ಸ್ವಿಚ್ ಹಾಕಬೇಡಿ. ಒಂದೇ ಡ್ರೈವರ್, ಅದರಿಂದ ಮೂರು ಬಣ್ಣಕ್ಕೆ ತಿರುಗುವ ಒಂದು ರೋಟರಿ ಸ್ವಿಚ್, ಎಷ್ಟು ಅಗ್ಗ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಗುಂಡಿ ತಿರುಗಿಸುವಾಗ ಒಂದು ಕ್ಷಣ ಯಾವ ಎಲ್‌ಇಡಿಯೂ ಸೇರಿರುವುದಿಲ್ಲ. ಆ ಕ್ಷಣದಲ್ಲಿ ಡ್ರೈವರ್ "ಕರೆಂಟೇ ಹೋಗುತ್ತಿಲ್ಲ" ಎಂದು ಪೂರ್ತಿ ತೆರೆದುಕೊಂಡು, ಔಟ್‌ಪುಟ್ಟಿನ ಕೆಪಾಸಿಟರನ್ನು 12 ವೋಲ್ಟ್‌ವರೆಗೂ ತುಂಬಿಸುತ್ತದೆ. ಮರುಕ್ಷಣ 2.2 ವೋಲ್ಟಿನ ಕೆಂಪು ಸಿಗುತ್ತದೆ, ತುಂಬಿದ್ದೆಲ್ಲ ಅದರ ಮೇಲೆ ಸುರಿಯುತ್ತದೆ. ಎರಡು ದಿನ ರಿಹರ್ಸಲ್‌ನಲ್ಲಿ ತಡೆಯಿತು, ಮೂರನೆಯ ದಿನ ಹೋಯಿತು. ಮತ್ತೆ ಕೆಂಪೇ, ಪಾಪ. ವೋಲ್ಟೇಜ್ ಏರಿಸುವ ಬೂಸ್ಟ್ ಡ್ರೈವರ್ ಆಗಿದ್ದರೆ ಇನ್ನೂ ಅಪಾಯ.

ರೆಸಿಸ್ಟರ್‌ನಲ್ಲಿ ಕಟ್ಟಿದ್ದರೆ ಈ ಕಾಟ ಇಲ್ಲ, ಸ್ವಿಚ್ ಎಲ್ಲಿ ಹಾಕಿದರೂ ನಡೆಯುತ್ತದೆ. ರೆಸಿಸ್ಟರಿನ ದೊಡ್ಡ ಗುಣವೇ ಅದು.

ಹಾಗಾದರೆ ಒಂದೇ ಡ್ರೈವರ್‌ನಲ್ಲಿ ಬಣ್ಣ ಬದಲಿಸುವ ದಾರಿಯೇ ಇಲ್ಲವೇ? ಇದೆ, ಸ್ವಲ್ಪ ಉಲ್ಟಾ ಯೋಚಿಸಬೇಕು. ಆರು ಕಾಲಿನ ಎಲ್‌ಇಡಿಯ ಮೂರು ಬಣ್ಣವನ್ನೂ ಸೀರೀಸ್‌ನಲ್ಲಿ ಕಟ್ಟಿ (ಒಟ್ಟು 8.6 ವೋಲ್ಟ್, 12 ವೋಲ್ಟಿನ ಸಪ್ಲೈ ಸಾಕು), ಪ್ರತಿ ಬಣ್ಣದ ಎರಡು ಕಾಲುಗಳ ನಡುವೆ ಒಂದು ಟಾಗಲ್ ಸ್ವಿಚ್ ಹಾಕಿ. ಸ್ವಿಚ್ ಮುಚ್ಚಿದರೆ ಕರೆಂಟ್ ಎಲ್‌ಇಡಿಯನ್ನು ಬಿಟ್ಟು ಸ್ವಿಚ್ಚಿನಲ್ಲಿ ಹರಿದುಹೋಗುತ್ತದೆ, ಆ ಬಣ್ಣ ಆರುತ್ತದೆ. ತೆರೆದರೆ ಹತ್ತುತ್ತದೆ. ಕರೆಂಟಿನ ದಾರಿ ಎಂದೂ ತುಂಡಾಗುವುದಿಲ್ಲ. ಮೂರು ಸ್ವಿಚ್ಚಿನಲ್ಲಿ ಏಳು ಬಣ್ಣ, ಒಂದು ಡ್ರೈವರ್, ಕೋಡ್ ಬರೆಯುವ ತಲೆನೋವಿಲ್ಲ. ಎರಡು ಎಚ್ಚರಿಕೆ ಮಾತ್ರ: ಇದಕ್ಕೆ ಔಟ್‌ಪುಟ್ಟಿನಲ್ಲಿ ದೊಡ್ಡ ಕೆಪಾಸಿಟರ್ ಇಲ್ಲದ ಡ್ರೈವರ್ ಆರಿಸಿ, ಮೂರನ್ನೂ ಒಟ್ಟಿಗೆ ಮುಚ್ಚಿ ಹಾಗೇ ಬಿಡಬೇಡಿ, ಪೂರ್ತಿ ಆರಿಸಬೇಕಾದರೆ ಸಪ್ಲೈಯನ್ನೇ ಆರಿಸಿ. ಶಾಲೆಯ ಮಕ್ಕಳ ನಾಟಕಕ್ಕೆ, ಕಿಟಕಿಯ ಹಿಂದೆ ಸಂಜೆ, ಬೆಳಗು ತೋರಿಸಲಿಕ್ಕೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಬಣ್ಣಗಳ ನಡುವೆ ನಯವಾಗಿ ಜಾರಬೇಕು ಅಂದರೆ ಮಾತ್ರ ಇದು ಸಾಲದು.

ನಯವಾಗಿ ಜಾರಲು ಪಿಡಬ್ಲ್ಯುಎಂ ಬೇಕು, ಅಂದರೆ ಕಣ್ಣಿಗೆ ಕಾಣದ ವೇಗದಲ್ಲಿ ಹಚ್ಚಿ ಆರಿಸುವುದು. ಪಿಟಿ4115ಗೆ ಡಿಮ್ ಎಂಬ ಪಿನ್ ಇದೆ, ಆರ್ಡುಯಿನೊ ಅಥವಾ ಅದೇ ಥರದ ಇಎಸ್‌ಪಿ32 ಬೋರ್ಡಿನ ಪಿನ್ನನ್ನು ಅದಕ್ಕೆ ಸೇರಿಸಿ, ಗ್ರೌಂಡ್ ಗ್ರೌಂಡಿಗೆ ಸೇರಿಸಿ, ಮುಗಿಯಿತು. ಡ್ರೈವರ್ ಮತ್ತು ಎಲ್‌ಇಡಿಯ ಸಂಬಂಧ ಕಡಿಯುವುದೇ ಇಲ್ಲ. ಒಂದು ಕೀಟಲೆ ಇದೆ. ಡಿಮ್ ಪಿನ್ನನ್ನು ಸುಮ್ನೆ ಬಿಟ್ಟರೆ ಅದರ ಅರ್ಥ "ಪೂರ್ತಿ ಹಚ್ಚು". ಆರ್ಡುಯಿನೊ ಏಳುವ ಮೊದಲ ಒಂದೆರಡು ಸೆಕೆಂಡು ಪಿನ್‌ಗಳು ತೇಲುತ್ತಿರುತ್ತವೆ, ಆಗ ಮೂರೂ ಬಣ್ಣ ಧಗ್ಗನೆ ಹತ್ತಿಕೊಳ್ಳುತ್ತವೆ. ಕತ್ತಲೆಯ ದೃಶ್ಯದಲ್ಲಿ ಹೆಣ ಎದ್ದು ಹೋಗಬೇಕಿದ್ದಾಗ ರಂಗದ ಮೇಲೆ ಹಾಗಾಯಿತು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು, ನಿರ್ದೇಶಕರು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಡಿಮ್ ಪಿನ್ನಿನಿಂದ ಗ್ರೌಂಡಿಗೆ 4.7 ಕಿಲೋ ಓಮ್ ಹಾಕಿದ ಮೇಲೆ ಸರಿಹೋಯಿತು.

ರೆಸಿಸ್ಟರ್ ಅಥವಾ ಎಲ್‌ಎಂ317 ಬಳಸಿದ್ದರೆ ಡಿಮ್ ಪಿನ್ ಇಲ್ಲ, ಮೈನಸ್ ಕಡೆಗೆ ಮಾಸ್ಫೆಟ್ (ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಬೇಕು. ಇಲ್ಲಿ ಹೆಸರಿನ ಒಂದು ಅಕ್ಷರಕ್ಕೆ ಬೆಲೆ ಇದೆ. ಐಆರ್‌ಎಲ್‌ಝಡ್44ಎನ್ ಬೇರೆ, ಐಆರ್‌ಎಫ್‌ಝಡ್44ಎನ್ ಬೇರೆ. ಎಲ್ ಇರುವುದು ಆರ್ಡುಯಿನೊದ 5 ವೋಲ್ಟಿಗೇ ಪೂರ್ತಿ ತೆರೆಯುತ್ತದೆ, ಎಫ್ ಇರುವುದಕ್ಕೆ ಗೇಟಿಗೆ (ಅದನ್ನು ತೆರೆಯುವ ಕಾಲಿಗೆ) 10 ವೋಲ್ಟ್ ಬೇಕು. ಆರ್ಡುಯಿನೊ ಜೊತೆ ಎಂದು ಮಾರುವ ಐಆರ್‌ಎಫ್520 ಬೋರ್ಡುಗಳೂ ಆ ಎಫ್ ಜಾತಿಯವೇ, 3.3 ವೋಲ್ಟಿನ ಇಎಸ್‌ಪಿಗಂತೂ ಅವು ಬೇಡವೇ ಬೇಡ. ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್ ಮರೆಯಬೇಡಿ. ಬಿ.ಸಿ. 547 ಥರದ ಸಣ್ಣ ಟ್ರಾನ್ಸಿಸ್ಟರ್ 100 ಮಿಲಿ ಆಂಪಿಯರಿನದು, ಅದನ್ನು ಇಲ್ಲಿಗೆ ತರಬೇಡಿ.

ಎಲ್‌ಇಡಿ ಸ್ಟ್ರಿಪ್ಪಿನ ಜೊತೆ ಬರುವ, ಬಣ್ಣ ಬಣ್ಣದ ಗುಂಡಿಗಳ ರಿಮೋಟ್ ಕಂಟ್ರೋಲರ್? ಅದು ಒಳಗಡೆ ಮೈನಸ್ ಕಡೆಯ ಮೂರು ಮಾಸ್ಫೆಟ್ ಅಷ್ಟೇ, ಕರೆಂಟ್ ಹಿಡಿಯುವುದಿಲ್ಲ. ರೆಸಿಸ್ಟರ್ ಹಾಕಿದ ಎಲ್‌ಇಡಿ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ರೆಸಿಸ್ಟರ್ ಇಲ್ಲದೆ ನೇರ ಕಟ್ಟಿದರೆ ಮೊದಲ ಗುಂಡಿ ಒತ್ತಿದಾಗಲೇ ಹೊಗೆ. ಅದರ ತಂತಿಗಳನ್ನು ಪಿಟಿ4115ರ ಡಿಮ್ ಪಿನ್ನಿಗೂ ಕೊಟ್ಟು ನೋಡಿದ್ದೇನೆ. ಹತ್ತುತ್ತದೆ, ಆದರೆ ಎಲ್ಲ ಉಲ್ಟಾ: ಕೆಂಪು ಒತ್ತಿದರೆ ಕೆಂಪು ಆರಿ ಹಸಿರು, ನೀಲಿ ಹತ್ತುತ್ತವೆ, ಆಫ್ ಒತ್ತಿದರೆ ಮೂರೂ.

ಬಿಳಿ ಮತ್ತು ಬಿಸಿ

ಮೂರು ಬಣ್ಣ ಸೇರಿಸಿದರೆ ಬಿಳಿ ಬರುತ್ತದೆ ನಿಜ, ಆದರೆ ಆ ಬಿಳಿಯಲ್ಲಿ ಮುಖ ಚೆನ್ನಾಗಿ ಕಾಣುವುದಿಲ್ಲ. ಮುಖ ಕಾಣಿಸಬೇಕಾದ ಲೈಟಿಗೆ ಎಂಟು ಕಾಲಿನ, ಬಿಳಿ ಇರುವ ಎಲ್‌ಇಡಿಗೆ ಖರ್ಚು ಮಾಡಿ. ಬರೀ ಬಣ್ಣದ ಹಿನ್ನೆಲೆಗಾದರೆ ಆರು ಕಾಲು ಸಾಕು. ಹಸಿರು ಮಾತ್ರ ಹಚ್ಚಿದಾಗ ಹಣೆಯ ಕುಂಕುಮ ಕಪ್ಪಗೆ ಕಾಣುತ್ತದೆ, ಇದನ್ನು ಮೇಕಪ್ಪಿನವರಿಗೆ ಮೊದಲೇ ಹೇಳಿಬಿಡಿ.

ಬಿಸಿಯಾದಾಗ ಕೆಂಪು ಉಳಿದೆರಡಕ್ಕಿಂತ ಬೇಗ ಮಂಕಾಗುತ್ತದೆ. ಹೀಟ್ ಸಿಂಕ್ ಸಣ್ಣದಾದರೆ ಶುರುವಿನಲ್ಲಿ ಬಿಳಿ ಇದ್ದದ್ದು ಅರ್ಧ ಗಂಟೆಗೆ ತಣ್ಣಗೆ ನೀಲಿಯತ್ತ ವಾಲುತ್ತದೆ. ಡ್ರೈವರ್ ಎಷ್ಟೇ ಒಳ್ಳೆಯದಿದ್ದರೂ ಅದಕ್ಕೆ ಮದ್ದು ಅಲ್ಯೂಮಿನಿಯಂ ಒಂದೇ. ವೈರುಗಳನ್ನು ಸ್ಟಾರಿಗೆ ಸೋಲ್ಡರ್ ಮಾಡಿ ಆಮೇಲೆ ಹೀಟ್ ಸಿಂಕಿಗೆ ಕೂರಿಸಿ. ಕೂರಿಸಿದ ಮೇಲೆ ಸೋಲ್ಡರ್ ಮಾಡಲು ಹೋದರೆ ಕಾಯಿಸಿದ ಶಾಖವನ್ನೆಲ್ಲ ಅದು ಎಳೆದುಕೊಂಡು ಜೋಡಣೆ ಹಿಡಿಯುವುದೇ ಇಲ್ಲ. ಕೂರಿಸಿದ ಬಳಿಕ ಪ್ರತಿ ಕಾಲಿಗೂ ಹೀಟ್ ಸಿಂಕಿಗೂ ನಡುವೆ ಶಾರ್ಟ್ ಇಲ್ಲವೆಂದು ಮೀಟರಿನಲ್ಲಿ ನೋಡಿ.

ಆಗಲೇ ನಾಲ್ಕು ಕಾಲಿನದು ತಂದಾಗಿದೆಯೇ?

ನನ್ನ ಹತ್ತಿರ ಐದು ಉಳಿದಿದ್ದವು. ಎಸೆಯಲಿಲ್ಲ. ಒಂದೊಂದಕ್ಕೂ ಮೂರು ಎಎಂಸಿ7135, ಮೇಲೆ ಹೇಳಿದ ರೆಸಿಸ್ಟರ್‌ಗಳು, 5 ವೋಲ್ಟ್ 2 ಆಂಪಿಯರಿನ ಹಳೆಯ ಮೊಬೈಲ್ ಚಾರ್ಜರ್. ಮೂರು ಬಣ್ಣ ಸೇರಿ 1.05 ಆಂಪಿಯರ್, ಚಾರ್ಜರಿಗೆ ಭಾರವಲ್ಲ. ಮೂರು ಚಿಪ್ಪಿನ ಸಪ್ಲೈ ಪಿನ್ನುಗಳಿಗೆ ಮೂರು ಸಣ್ಣ ಸ್ವಿಚ್, ಪ್ರತಿ ಪಿನ್ನಿನಿಂದ ಗ್ರೌಂಡಿಗೆ 10 ಕಿಲೋ ಓಮ್. ಸ್ವಿಚ್ಚಿನಲ್ಲಿ ಹರಿಯುವುದು ಅತ್ಯಲ್ಪ ಕರೆಂಟ್ ಆದ್ದರಿಂದ ಎಷ್ಟು ಉದ್ದದ ತೆಳು ವೈರ್ ಆದರೂ ನಡೆಯುತ್ತದೆ. ಎರಡು ರಂಗದ ಪಕ್ಕದ ಸೈಡ್ ವಿಂಗಿನಲ್ಲಿವೆ, ಒಂದು ನಮ್ಮ ಮನೆಯ ಮೆಟ್ಟಿಲಿನ ಕೆಳಗೆ ರಾತ್ರಿ ಕೆಂಪಗೆ ಉರಿಯುತ್ತಿರುತ್ತದೆ, ಇನ್ನೆರಡು ಡಬ್ಬಿಯಲ್ಲಿವೆ, ಬೇಕಾದವರಿಗೆ ಕೊಡುತ್ತೇನೆ.